ಇಲ್ಲದ ಗೋಪುರದ ನೆರಳು

ದೆವ್ವ, ಪವಾಡ ಎಂದು ಯಾರಾದರೂ ಬಾಯಿ ತೆರೆದರೆ ಮೊದಲು ನಗುತ್ತಿದ್ದವನು ನಾನೇ. ಅರಬ್ ನಾಡಿನ ಅಭಾ ಎಂಬ ಊರಿನ ಆಸ್ಪತ್ರೆಯೊಂದರಲ್ಲಿ ಹಲವು ವರ್ಷ ಎಕ್ಸ್‌ರೇ ತೆಗೆದವನು. ಅಡ್ಡ ಏನಾದರೂ ಇಲ್ಲದೆ ನೆರಳು ಬೀಳುವುದಿಲ್ಲ ಎಂಬುದೇ ನನಗೆ ಅನ್ನ ಹಾಕಿದ ವಿದ್ಯೆ. ಈಗ ಹೇಳಹೊರಟದ್ದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಆ ವರ್ಷ ನನ್ನ ಕೆಲಸದ ಕರಾರು ಮುಗಿದು, ನಾವು ಮೂವರೂ ಉಡುಪಿಗೆ ಮರಳುವುದೆಂದು ನಿಶ್ಚಯವಾಗಿತ್ತು. ನನ್ನ ಮಾತು ತುಳು, ಹೆಂಡತಿ ವಿದ್ಯಾಳದು ಕೊಂಕಣಿ. ಇಬ್ಬರೂ ಸೋಲದೆ ಮನೆಯಲ್ಲಿ ಕನ್ನಡ ಗೆದ್ದಿತ್ತು. ಮಗಳು ಶ್ರಾವ್ಯ ಅಭಾದಲ್ಲೇ ಹುಟ್ಟಿ ಬೆಳೆದವಳು. ಹೊರಡುವ ಸುದ್ದಿ ಕೇಳಿದಂದಿನಿಂದ ಅವಳ ಮಾತೇ ನಿಂತುಹೋಗಿತ್ತು. ಒಂದು ಸಲ ಮಾತ್ರ ಬಾಯಿಬಿಟ್ಟಳು. “ಇಲ್ಲಿಂದ ಹೋದ ಮೇಲೆ ನಾವು ಇಲ್ಲಿ ಇದ್ದದ್ದೇ ಸುಳ್ಳು ಅಂತ ಆಗ್ತದಲ್ಲ ಪಪ್ಪಾ? ಅಲ್ಲಿ ಹೋದ್ರೂ ನಾನು ಹೊರಗಿನವಳೇ.” ಮಗು ಹೀಗೇ ಬಾಡಿಹೋದರೆ ಏನು ಗತಿ ಎಂದು ಹೆದರಿಕೆಯಾಯಿತು.

ಅವಳಿಗೆ ಜಪಾನಿನ ಅನಿಮೆ ಕಾರ್ಟೂನು ಎಂದರೆ ಪ್ರಾಣ. ಅದರಲ್ಲಿ ಕಂಡ ಜಾಗಗಳನ್ನು ನಿಜವಾಗಿ ಹುಡುಕಿಕೊಂಡು ಹೋಗಿ, ಆ ದೃಶ್ಯದ ಚಿತ್ರವನ್ನು ಕಣ್ಣೆದುರು ಹಿಡಿದು, ಗೆರೆಗೆ ಗೆರೆ ಕೂಡಿಸಿ ಫೋಟೊ ತೆಗೆಯುವುದು ಈ ಮಕ್ಕಳಿಗೊಂದು ತೀರ್ಥಯಾತ್ರೆ. ಒಂದು ಕತೆಯಲ್ಲಿ ಊರೂರು ಅಲೆಯುವ ಹುಡುಗಿಯೊಬ್ಬಳು ಅಭಾದ ಹತ್ತಿರದ ಹಳ್ಳಿಯ ಕಲ್ಲಿನ ಕಾವಲು ಗೋಪುರದ ಬುಡದಲ್ಲಿ ಕೂರುತ್ತಾಳಂತೆ. ಹೊರಡುವ ಮೊದಲು ಅದೊಂದನ್ನು ನೋಡಬೇಕು ಎಂದಳು. ಏನನ್ನಾದರೂ ಕೇಳಿದಳಲ್ಲ ಎಂಬ ಖುಷಿಗೇ ನಾನು ಶುಕ್ರವಾರ ಮಧ್ಯಾಹ್ನ ಕಾರು ಹೊರಡಿಸಿದೆ.

ಹೋಗಿ ನೋಡಿದರೆ ಗೋಪುರವೇ ಇಲ್ಲ, ಬಟಾಬಯಲು. ಪಕ್ಕದ ಮನೆಯಿಂದ ಒಬ್ಬ ಅಜ್ಜ ಹೊರಬಂದು, ಅದು ಹಿಂದೊಮ್ಮೆ ಮಳೆಗೆ ಕುಸಿಯಿತು, ಕಲ್ಲುಗಳನ್ನು ಹೊಲದ ಕಟ್ಟೆಗೆ ಹಾಕಿದೆವು ಎಂದರು. ನನ್ನ ಹರಕು ಅರಬಿಗೆ ಅಷ್ಟು ಅರ್ಥವಾಯಿತು. “ಇದು ಕೂಡ ಹೋಯ್ತಾ,” ಎಂದು ಶ್ರಾವ್ಯ ಮುಖ ಸಣ್ಣ ಮಾಡಿಕೊಂಡಳು.

“ಬಂದದ್ದು ಬಂದಾಯ್ತಲ್ಲ ಮಾರಾಯ್ತಿ, ಹಿಂದಿನ ಗುಡ್ಡ ಆದ್ರೂ ಉಂಟು. ಚಿತ್ರ ಹಿಡಿದು ನೋಡು,” ಎಂದು ವಿದ್ಯಾ ಪುಸಲಾಯಿಸಿದಳು.

ಗುಡ್ಡ ಇದ್ದದ್ದು ಪಡುವಣಕ್ಕೆ. ಶ್ರಾವ್ಯ ಚಿತ್ರ ಎತ್ತಿ ಹಿಡಿದು, ಎದುರು ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಹಿಂದಕ್ಕೆ ಸರಿಯುತ್ತಾ ಹೋದಳು. ಗುಡ್ಡದ ಅಂಚು ಚಿತ್ರದ ಅಂಚಿಗೆ ಕೂಡಿದಲ್ಲಿ ನಿಂತುಬಿಟ್ಟಳು.

“ಪಪ್ಪಾ, ಇಲ್ಲಿ ನೆರಳುಂಟು.”

“ಎಂತ ನೆರಳು? ಎಲ್ಲಿಂದ?” ಎನ್ನುತ್ತಾ ಹೋಗಿ ಅವಳ ಪಕ್ಕ ನಿಂತೆ. ಹಣೆ ಸುಡುತ್ತಿದ್ದ ಬಿಸಿಲು ತಟ್ಟನೆ ಇಲ್ಲವಾಯಿತು. ನೆಲದ ಮೇಲೆ ಅಗಲವಾದ ನೆರಳಿನ ಪಟ್ಟಿ. ನನ್ನ ಸ್ವಂತ ನೆರಳು ಅದರೊಳಗೆ ಸೇರಿ ಕಾಣದಾಗಿತ್ತು. ತಲೆಯೆತ್ತಿದೆ. ಮೋಡವಿಲ್ಲ, ಮರವಿಲ್ಲ, ಒಂದು ವಿದ್ಯುತ್ ಕಂಬವೂ ಇಲ್ಲ. ಮೈ ಜುಂ ಎಂದಿತು. ಆದರೆ ಹೆದರಿಕೆಯಾಗಲಿಲ್ಲ, ಅದನ್ನೂ ಹೇಳಬೇಕು.

ಅಷ್ಟರಲ್ಲಿ ಅಜ್ಜ ಚಾಪೆ, ಖರ್ಜೂರ, ಅರಬಿ ಕಾಫಿ ಕಾವಾದ ಹೂಜಿ ಹಿಡಿದುಕೊಂಡು ಬಂದು, ಸರಿಯಾಗಿ ಅಲ್ಲೇ ಹಾಸಿ, ನಮ್ಮನ್ನೂ ಕೂರಲು ಕರೆದರು. ಈ ನೆರಳು ಯಾವುದರದ್ದು ಎಂದು ಕೇಳಿದೆ. “ಇಳಿಹೊತ್ತಿನ ಅಸರ್ ನಮಾಜು ಆದ ಮೇಲೆ ನಾವು ಕೂರುವುದು ಇಲ್ಲೇ. ನನ್ನ ತಂದೆಯೂ ಇಲ್ಲೇ ಕೂರುತ್ತಿದ್ದರು,” ಎಂದರು, ಕೇಳಬಾರದ್ದನ್ನೇನೋ ನಾನು ಕೇಳಿದೆ ಎಂಬಂತೆ. ಹೊತ್ತು ಇಳಿದ ಹಾಗೆ ನೆರಳು ಸರಿಯಿತು. ಅವರು ಚಾಪೆ ಎಳೆದರು. ನಾವೂ ಎದ್ದು, ಸರಿದು ಕೂತೆವು.

ವಿದ್ಯಾ ಕಾರಿನ ಬಾನೆಟ್ ಮೇಲೆ ಮೊಬೈಲ್ ಇಟ್ಟು ಎಲ್ಲರ ಫೋಟೊ ತೆಗೆದಳು. ಅದು ಈಗಲೂ ನನ್ನಲ್ಲಿದೆ. ಅದರಲ್ಲಿ ನೆರಳಿಲ್ಲ. ನೆಲವೆಲ್ಲ ಬಿಸಿಲು, ನಮ್ಮ ಮುಖದ ಮೇಲೂ ಬಿಸಿಲು. ಆದರೆ ಸಂಜೆಯ ಸೂರ್ಯನಿಗೆ ನೇರ ಮುಖ ಮಾಡಿ ಕೂತ ನಾಲ್ವರಲ್ಲಿ ಒಬ್ಬರೂ ಕಣ್ಣು ಕಿರಿದು ಮಾಡಿಲ್ಲ. ಬಳಲಿಕೆಯಿರಬಹುದು, ಭ್ರಮೆಯಿರಬಹುದು ಎಂದು ನನಗೆ ನಾನೇ ಎಷ್ಟೋ ಸಮಾಧಾನ ಹೇಳಿಕೊಂಡೆ. ಯಾವುದೂ ಕೂಡಿಬರುವುದಿಲ್ಲ. ನಿಮಗೇನಾದರೂ ಹೊಳೆದರೆ ಹೇಳಿ; ನನಗಂತೂ ಇವತ್ತಿಗೂ ಗೊತ್ತಿಲ್ಲ.

ಗೊತ್ತಿರುವುದು ಇಷ್ಟೇ. ಏಳುವ ಹೊತ್ತಿಗೆ ಅಜ್ಜ ಶ್ರಾವ್ಯಳನ್ನು, ನೀನು ಎಲ್ಲಿಯವಳಮ್ಮಾ ಎಂದು ಕೇಳಿದರು. ಆ ಪ್ರಶ್ನೆ ಬಂದಾಗಲೆಲ್ಲ ಅವಳು ನನ್ನ ಮುಖ ನೋಡುತ್ತಿದ್ದಳು, ಉತ್ತರ ನಾನು ಕೊಡುತ್ತಿದ್ದೆ. ಈ ಸಲ ನಾನು ಬಾಯಿ ತೆರೆಯುವ ಮೊದಲೇ ಅವಳು ಅರಬಿಯಲ್ಲಿ, “ಇಲ್ಲಿಯವಳು,” ಎಂದಳು. ಅಜ್ಜ ನಗಲಿಲ್ಲ. ಅವಳ ಬಟ್ಟಲಿಗೆ ಇನ್ನಷ್ಟು ಕಾವಾ ಬಗ್ಗಿಸಿದರು.

“ಹಾಗಾದರೆ ಮುಂದಿನ ಸಲ ಕರೆಯಲಿ ಅಂತ ಕಾಯಬೇಡ. ನೇರ ಬಂದು ಕೂತುಕೋ.”