ಒದರಲು ಹೇಳಿದ ಸಿಸ್ಟರ್

ಕುದಿಯುವ ಎಣ್ಣೆ ಚೆಲ್ಲಿ ನನ್ನ ಎರಡೂ ಕಾಲು ಸುಟ್ಟಾಗ, ಸಂಪಗಾಂವದಿಂದ ಬೈಲಹೊಂಗಲದ ನಮ್ಮ ಮನೆಗೆ ದಿನಾಲೂ ಒಬ್ಬ ನರ್ಸ್ ಸ್ಕೂಟಿಯಲ್ಲಿ ಬರುತ್ತಿದ್ದರು. ಕೊರಳಲ್ಲಿ ಸಣ್ಣ ಶಿಲುಬೆ. ಗಾಯಕ್ಕೆ ಅಂಟಿಕೊಂಡ ಬ್ಯಾಂಡೇಜ್ ಬಟ್ಟೆಯನ್ನು ನೀರು ಹಾಕಿ ಬಿಡಿಸುತ್ತ ಪ್ರತಿ ಸಲವೂ ಅದೇ ಮಾತು ಹೇಳುತ್ತಿದ್ದರು: "ನೋವಾದ್ರ ಒದರವಾ, ತಡಕೋಬ್ಯಾಡ."

ನಾನು ಮನೆಯ ಸೂರು ಹಾರಿಹೋಗುವಂತೆ ಕೂಗಿ ಒದರುತ್ತಿದ್ದೆ. ಒಂದು ದಿನ ಅವ್ವ ತಡೆಯಲಾರದೆ ಕೇಳಿಯೇಬಿಟ್ಟಳು.

"ನಿಮ್ಮ ದೇವರು ಎಲ್ಲಾರನ್ನೂ ಪ್ರೀತಿ ಮಾಡ್ತಾನ ಅಂತೀರಿ ಸಿಸ್ಟರ್. ಹಂಗಿದ್ರ ನನ್ನ ಮಗಳಿಗೆ ಇಷ್ಟ ತ್ರಾಸ ಯಾಕ ಕೊಟ್ಟ?"

ಸಿಸ್ಟರ್ ಕೈ ನಿಲ್ಲಿಸಿದರು.

"ನನ್ನ ಮಗಳು ಜ್ವರಾ ಬಂದು ತೀರಿಕೊಂಡಾಗ ನಾನೂ ಹಿಂಗ ಕೇಳಿದ್ನಿರಿ ಅವ್ವಾರ. ಇವತ್ತಿಗೂ ಉತ್ತರ ಸಿಕ್ಕಿಲ್ಲ. ಆದ್ರ ಶಿಲುಬಿ ಮ್ಯಾಲ ಯೇಸಪ್ಪನೂ ಯಾಕಂತ ಕೇಳಿ ಒದರ್ಯಾನ. ನೋವು ಉಂಡಾಂವ ನನ್ನ ಬಾಜೂಕ ಕುಂತಾನ ಅನಸ್ತೈತಿ. ನನಗ ಅಷ್ಟ ಸಾಕಾಗೇತ್ರಿ."

ಅವ್ವ ಮರುದಿನದಿಂದ ಅವರಿಗೆ ತಾನೇ ಚಹಾ ಮಾಡಿ ತಂದುಕೊಡತೊಡಗಿದಳು.

ಎರಡು ತಿಂಗಳಿಗೆ ಗಾಯ ಮಾಯಿತು. ಅವರನ್ನು ಗೇಟಿನ ತನಕ ನಡೆದುಹೋಗಿ ಕಳಿಸಿಬಂದೆ. ಇನ್ನು ಅವರು ಬರಬೇಕಾಗಿರಲಿಲ್ಲ. ಆದರೆ ಮರುದಿನ ಅದೇ ಹೊತ್ತಿಗೆ ಸ್ಕೂಟಿಯ ಸದ್ದಾಯಿತು. ಈ ಸಲ ಔಷಧದ ಚೀಲವಿರಲಿಲ್ಲ, ಕೈಯಲ್ಲಿ ಒಬ್ಬ ಪುಟ್ಟ ಹುಡುಗಿಯ ಫೋಟೊ ಇತ್ತು.

"ಈಕಿ ಬಗ್ಗೆ ನಿಮ್ಮನ್ನ ಬಿಟ್ರ ಯಾರ ಮುಂದೂ ಮಾತಾಡಿಲ್ರಿ ಅವ್ವಾರ," ಎಂದರು.

ಅವ್ವ ಅವರ ಕೈಹಿಡಿದು ಒಳಗೆ ಕರೆದೊಯ್ದಳು. ಮಧ್ಯಾಹ್ನದವರೆಗೂ ಇಬ್ಬರ ಮಾತು ಕೇಳುತ್ತಲೇ ಇತ್ತು. "ಭಾಳ ತುಂಟಿ ಇದ್ಲರಿ," ಎಂದು ಸಿಸ್ಟರ್ ಹೇಳಿದ್ದೇ ತಡ, ಇಬ್ಬರೂ ಜೋರಾಗಿ ನಕ್ಕರು.