ಓಣಿಯ ಕಡೆಗೊಂದು ಕಿಟಕಿ

ಅವರ ಎಡ ಅಂಗೈಗೆ ಸದಾ ಸುಣ್ಣ ಮೆತ್ತಿರುತ್ತಿತ್ತು. ಎಲ್ಲಿ ಹೋದರೂ ಗೋಡೆಗೆ ಕೈ ಸವರುತ್ತಲೇ ನಡೆಯುವವರು. ಚಹಾ ಕೊಟ್ಟರೆ ಕಪ್ಪಿಗೂ ಸುಣ್ಣ. ಸೊಲ್ಲಾಪುರದ ಆರ್ಕಿಟೆಕ್ಟ್. ಅಕ್ಕಲಕೋಟದ ನಮ್ಮ ಓಣಿಯವರಿಗೆ ‘ಮನಿ ಮೇಡಂ’.

ಓಣಿ ಸುಧಾರಿಸಲು ಬಂದವರೆಲ್ಲ ‘ಏನು ಬೇಕು?’ ಎಂದು ಕೇಳುತ್ತಾರೆ. ಇವರು ಮನೆಮನೆ ಹೊಕ್ಕು ಕೇಳಿದ್ದು ಬೇರೆ: “ನಿಮಗ ಅಂಜಿಕಿ ಎಲ್ಲಿ ಬರ್ತದರಿ?” ಹೆಂಗಸರೆಲ್ಲ ತೋರಿಸಿದ್ದು ಒಂದೇ ಜಾಗ. ಬಸ್ಸಿಳಿದು ಬರುವ ದಾರಿಯಲ್ಲಿ, ಎಣ್ಣೆ ಗೋದಾಮಿಗೂ ನಮ್ಮ ಮನೆಯ ಹಿಂಗೋಡೆಗೂ ನಡುವಿನ ತಿರುವು. ಸೊಲ್ಲಾಪುರದ ಕಾಲೇಜಿನಿಂದ ನಾನು ಬರುವಷ್ಟರಲ್ಲಿ ಅಲ್ಲಿ ಕತ್ತಲು. ಒಂದು ಸಂಜೆ ಯಾರೋ ಬೆನ್ನು ಹತ್ತಿದ್ದರು. ನಾನು ನಿಂತರೆ ನಿಲ್ಲುವ, ಓಡಿದರೆ ಓಡುವ ಹೆಜ್ಜೆ. “ಇನ್ನೊಮ್ಮೆ ಹಿಂಗಾದ್ರ ಕಾಲೇಜು ಬಂದ್,” ಅಂದಿದ್ದರು ಅಪ್ಪ.

ಮೇಡಂ ಹೇಳಿದ ಉಪಾಯ: ನಮ್ಮ ಅಡುಗೆಮನೆಯ ಗೋಡೆ ಕೊರೆದು ಓಣಿಗೊಂದು ಕಿಟಕಿ.

ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನಾನು ಸುಮ್ಮನಿರಲಾದೀತೆ? “ದೀಪ ಹಾಕಿಸ್ರಿ. ನಮ್ಮ ಗೋಡಿ ಯಾಕ ಒಡೀತೀರಿ?”

“ದೀಪ ಹಾಕಿದ್ರಲ್ಲ, ಕಲ್ಲು ಒಗದು ಒಡದ್ರು. ಅದೂ ಅಲ್ದ, ದೀಪ ಯಾರನ್ನೂ ನೋಡೂದಿಲ್ಲವ್ವ. ಮಂದಿ ನೋಡ್ತಾರ.”

“ಇದು ಮಾತಾತು. ಪುರಾವೆ ಅಲ್ಲ.”

“ಹೂಂ, ಪುರಾವೆ ಕಿಟಕಿ ಆದಮ್ಯಾಲ.”

ನನ್ನ ನಿಜವಾದ ಭಯ ಗೋಡೆಯದೇ. ಮಣ್ಣು-ಕಲ್ಲಿನ ಮುದಿ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಕುಸಿದರೆ ಅವ್ವನ ತಲೆಯ ಮೇಲೇ. ಗೌಂಡಿಗಳು ಕಂಡಿ ಕೊರೆದು, ಮೇಲೊಂದು ಹಾಸುಗಲ್ಲು ಕೂರಿಸಿ, ಆಸರೆಗೆ ಕೊಟ್ಟಿದ್ದ ಕಟ್ಟಿಗೆ ತೆಗೆಯುವ ದಿನ ಬಂತು. ನಾವೆಲ್ಲ ಹೊಸ್ತಿಲಾಚೆ ನಿಂತಿದ್ದೆವು. ನನ್ನ ಬಾಯಿ ತಡೆಯಲಿಲ್ಲ: “ಅಷ್ಟು ಖಾತ್ರಿ ಇದ್ರ ಮೇಡಂ, ನೀವ ಹೋಗಿ ಅದರ ಕೆಳಗ ಕುಂದರ್ರಿ.”

“ನಿನ್ನ ನಾಲಿಗಿ ಸುಡ್ಲಿ!” ಅವ್ವ ಬೈದಳು.

ಮೇಡಂ ಹೋಗಿ ಕುಳಿತೇಬಿಟ್ಟರು, ಕಂಡಿಯ ಕೆಳಗೆ ಗೋಡೆಗೊರಗಿ. ಮಂಡಿಯ ಮೇಲಿದ್ದ ಆ ಬಿಳಿ ಅಂಗೈ ನಡುಗುತ್ತಿತ್ತು.

“ಅಂಜಿಕಿ ಬಂತೇನ್ರಿ?”

“ಬರೂದಿಲ್ಲೇನ? ಅಂಜಿಕಿ ಇಲ್ಲದವರ ಕೈಯಾಗ ಗೋಡಿ ಕೊಡಬಾರದು. ಬಾ, ಇಲ್ಲೇ ಕುಂತು ವಾದ ಮಾಡು.”

ಹೋದೆ. ಯಾಕೆ ಹೋದೆನೋ. ಗೌಂಡಿಗಳು ಕಟ್ಟಿಗೆ ಜಗ್ಗಿದರು. ಮಾಳಿಗೆ ಕಿರುಗುಟ್ಟಿತು, ಹಿಡಿಯಷ್ಟು ಮಣ್ಣು ಇಬ್ಬರ ತಲೆಗೂ ಸುರಿಯಿತು. ನಾನು ಅವರ ಕೈ ಹಿಡಿದಿದ್ದೆನೋ, ಅವರೇ ನನ್ನದನ್ನೋ. ಗೋಡೆ ನಿಂತಿತು.

“ವೈನಿ, ಚಾ ತರ್ರಿ. ಇಲ್ಲೇ ಕುಡೀತೀವಿ,” ಎಂದರು ಅವ್ವನಿಗೆ.

ಒಂದು ಕಿಟಕಿಯಿಂದ ಊರು ಸುಧಾರಿಸುತ್ತದೆ ಎಂಬ ವಾದವನ್ನು ನಾನು ಈಗಲೂ ಒಪ್ಪುವುದಿಲ್ಲ. ಆದರೆ ಸಂಜೆ ರೊಟ್ಟಿ ತಟ್ಟುತ್ತಾ ಅವ್ವ ಅಲ್ಲಿಂದಲೇ ಹೋಗಿಬರುವವರನ್ನೆಲ್ಲ ಮಾತಾಡಿಸತೊಡಗಿದಳು. ನನ್ನ ಕಾಲೇಜು ನಿಲ್ಲಲಿಲ್ಲ.

ಮುಂದೊಂದು ಸಂಜೆ, ಮೇಡಂ ತೀರಿಕೊಂಡ ಸುದ್ದಿ ಬಂದಾಗ ನಾನು ಸೊಲ್ಲಾಪುರದಿಂದ ಮರಳುವ ಬಸ್ಸಿನಲ್ಲಿದ್ದೆ. ಇಳಿದು ಓಣಿ ಹೊಕ್ಕೆ. ಹಿಂದೆ ಹೆಜ್ಜೆ. ನಿಂತೆ, ಅದೂ ನಿಂತಿತು. ಮುಂದೆ ಕಿಟಕಿಯ ಬೆಳಕು ಕಾಣುತ್ತಿದ್ದರೂ ಕಾಲು ಏಳಲೊಲ್ಲದು. ಎಡಗೈ ತಾನಾಗಿ ಗೋಡೆಗೆ ಹೋಯಿತು. ಸವರುತ್ತಾ ನಡೆದೆ. ಸುಣ್ಣ, ಸುಣ್ಣ, ಆಮೇಲೆ ಕಿಟಕಿಯ ತಣ್ಣನೆಯ ಸರಳು.

ಒಳಗೆ ರೊಟ್ಟಿಯ ಸದ್ದು ನಿಂತಿತು. “ಯಾರದು?”

“ನಾನವ್ವ.”

“ನಿನ್ನ ಹಿಂದ ಯಾರು? ಏ ತಮ್ಮಾ, ಯಾರಂವಾ ನೀ?”

ಹೆಜ್ಜೆಗಳು ಬಂದ ದಾರಿಗೇ ತಿರುಗಿದವು.

ಅವ್ವನಿಗೆ ಸುದ್ದಿ ಹೇಳಬೇಕಿತ್ತು. ಅದಕ್ಕೂ ಮೊದಲು ಬೆಳಕಿನಲ್ಲಿ ಕೈ ನೋಡಿಕೊಂಡೆ. ಅಂಗೈ ಬಿಳಿಯಾಗಿತ್ತು.