‘ಊಟಕ್ಕೆ ಯಾರ್ಯಾರು ಬರ್ತಾರೆ?’ ಎಂದು ಕೇಳುವ ರೌಶಾನ್

ಬೆಳಗಿನ ಐದೂವರೆ. ಅಲ್ಮಾಟಿಯ ಹೊರವಲಯದ ತಗಡಿನ ಶೆಡ್ಡಿನಲ್ಲಿ ರೌಶಾನ್ ಮೂರನೆಯ ಕುರಿಯ ಮಾಂಸ ಬಿಡಿಸುತ್ತಿದ್ದಾರೆ. ಕೊಡಲಿ ಇಲ್ಲ, ಗರಗಸ ಇಲ್ಲ. ಅಂಗೈಯುದ್ದದ ಚೂರಿ ಕೀಲು ಹುಡುಕಿ ಒಳಗೆ ಜಾರುತ್ತದೆ, ಮೂಳೆ ಇಡಿಯಾಗಿ ಕೈಗೆ ಬರುತ್ತದೆ. ಒಂದು ಕುರಿಗೆ ಇಪ್ಪತ್ತೆರಡು ನಿಮಿಷ.

ವಾರಕ್ಕೊಮ್ಮೆ ಅರವತ್ತಮೂರು ಮನೆಗಳಿಗೆ ಅವರ ಮಾಂಸದ ಪೆಟ್ಟಿಗೆ ಹೋಗುತ್ತದೆ. ಅವುಗಳಲ್ಲಿ ಮೂವತ್ತೊಂದು ಮನೆಗಳು ಒಂದೇ ಕಟ್ಟಡದವು. ಇವರ ಪೆಟ್ಟಿಗೆಯನ್ನೇ ಉಳಿಸಿಕೊಳ್ಳುವುದೋ, ಮಾಂಸ ಮಾರುವ ಹೊಸ ಆ್ಯಪ್ ಕಂಪನಿಗೆ ಚಂದಾದಾರರಾಗುವುದೋ ಎಂದು ಆ ಕಟ್ಟಡದವರು ಇಂದು ಸಂಜೆ ತೀರ್ಮಾನಿಸುತ್ತಾರೆ. ಅಷ್ಟೂ ಮನೆ ಕೈಬಿಟ್ಟರೆ ಶೆಡ್ಡಿಗೆ ಬೀಗ.

“ಹೆದರಿಕೆ ಇಲ್ಲ ಅಂದ್ರೆ ಸುಳ್ಳು. ಆದ್ರೂ ಯಾಕೋ ಇವತ್ತು ಕೈ ಕುಣೀತಾ ಇದೆ ನೋಡಿ” ಎನ್ನುತ್ತಾರೆ ನಲವತ್ತೇಳರ ರೌಶಾನ್.

ಕೆಲಸ ಕಲಿಸಿದ್ದು ಕುರಿ ಸಾಕುತ್ತಿದ್ದ ಅಪ್ಪ. ಮದುವೆಯಾಗಿ ನಗರಕ್ಕೆ ಬಂದ ಮೇಲೆ ಮಾರುಕಟ್ಟೆಯಲ್ಲಿ ಹನ್ನೊಂದು ವರ್ಷ ಬೇರೆಯವರ ಮಾಂಸದಂಗಡಿಯ ಕಟ್ಟೆ ತೊಳೆದರು. “ಚೂರಿ ಮುಟ್ಟಿದ್ರೆ ಗಂಡಸರು ನಗೋರು. ‘ಏನಮ್ಮಾ, ಈರುಳ್ಳಿ ಹೆಚ್ಚೋಕೆ ಬಂದ್ಯಾ?’ ಅನ್ನೋರು. ಒಂದಿನ ಅಂಗಡಿ ಯಜಮಾನ ಜ್ವರ ಬಂದು ಮಲಗಿಬಿಟ್ಟ, ಹಬ್ಬದ ಹಿಂದಿನ ದಿನ. ಹದಿನಾಲ್ಕು ಕುರಿ ಬಿಡಿಸಿದೆ. ಆಮೇಲೆ ಯಾರೂ ಈರುಳ್ಳಿ ಸುದ್ದಿ ಎತ್ತಲಿಲ್ಲ.”

ಪ್ರತಿ ಪೆಟ್ಟಿಗೆ ಕಟ್ಟುವ ಮುನ್ನ ಅವರು ಫೋನ್ ಮಾಡಿ ಕೇಳುವುದು ತೂಕವನ್ನಲ್ಲ, ಊಟಕ್ಕೆ ಬರುವವರನ್ನು. ಯಾವ ಮೂಳೆ ಯಾರ ತಟ್ಟೆಗೆ ಎಂಬುದು ತಪ್ಪಿದರೆ ಸಂಬಂಧವೇ ಕೆಡುವ ನಾಡು ಇದು.

ಈಗ ಆ ಕಟ್ಟಡದ ಒಂಬತ್ತನೇ ಮಹಡಿಯ ಗೌಹರ್‌ಗೆ ಕರೆ. ಆಕೆಯ ನಾದಿನಿಯ ಮಾವ ಬೀಗರಾದ ಮೇಲೆ ಮೊದಲ ಸಲ ಇಂದು ಮಧ್ಯಾಹ್ನ ಊಟಕ್ಕೆ ಬರುತ್ತಿದ್ದಾರೆ.

“ಕುರಿ ತಲೆ ಬೀಗರಿಗೇ ಅಕ್ಕಾ. ಅವರೇ ದೊಡ್ಡವರು.”

“ಅವರ ಅಪ್ಪ ಇದ್ದಾರಾ?”

“ಅಯ್ಯೋ, ಅವರಿಗೇ ಅರವತ್ತೆರಡು!”

“ವಯಸ್ಸು ಕೇಳಿದ್ನಾ ನಾನು? ಅಪ್ಪ ಇದ್ದಾರಾ ಅಂದೆ. ನಾದಿನಿಗೆ ಫೋನ್ ಮಾಡು, ಹೋಗು.”

ತಂದೆ ಬದುಕಿರುವವನ ಮುಂದೆ ಕುರಿಯ ತಲೆ ಇಡುವುದೆಂದರೆ ಆ ತಂದೆಯ ಸಾವು ಬಯಸಿದಂತೆ. ಹತ್ತು ನಿಮಿಷದಲ್ಲಿ ಫೋನ್ ಕಿರುಚುತ್ತದೆ.

“ಇದ್ದಾರಂತೆ ಅಕ್ಕಾ! ಎಂಬತ್ತೊಂಬತ್ತು! ಇನ್ನೂ ಕುದುರೆ ಏರ್ತಾರಂತೆ! ನನ್ನ ಮಾನ ಹೋಗ್ತಿತ್ತಲ್ಲ!”

“ಬೀಗರಿಗೆ ಸೊಂಟದ ಮೂಳೆ ಇಡು, ಅದೂ ದೊಡ್ಡ ಮರ್ಯಾದೆನೇ. ತಲೆಗೆ ಬೇರೆ ಹಿರಿಯರನ್ನ ಕರಿ. ಅಪ್ಪ ತೀರಿಕೊಂಡೋರು ಯಾರಿದ್ದಾರೆ?”

“ಮೂರನೇ ಮಹಡಿ ಒರಾಜ್ ಮೇಷ್ಟ್ರು. ಆದ್ರೆ ಅಕ್ಕಾ, ಆ್ಯಪ್ ತರೋಣ ಅಂತ ಹಟ ಹಿಡಿದಿರೋರೇ ಅವರು!”

ರೌಶಾನ್ ಕುರಿಯ ತಲೆಯನ್ನು ಪೆಟ್ಟಿಗೆಗೆ ಇಡುತ್ತಾರೆ. “ಹಲ್ಲಿದೆಯಾ ಅವರಿಗೆ? ಇಲ್ದಿದ್ರೆ ಇನ್ನೊಂದು ಗಂಟೆ ಬೇಯಿಸು.”

ಏಳೂವರೆಗೆ ಪೆಟ್ಟಿಗೆ ತಲುಪುತ್ತದೆ. ರೌಶಾನ್ ಉಳಿದ ಮನೆಗಳಿಗೆ ವ್ಯಾನ್ ಓಡಿಸುತ್ತಾರೆ, ಪ್ರತಿ ಸಿಗ್ನಲ್ಲಿನಲ್ಲೂ ಫೋನಿನತ್ತ ಕಣ್ಣು. ನಾಲ್ಕು ಗಂಟೆಗೆ ಗೌಹರ್ ಮಾತಾಡುವ ಭರಕ್ಕೆ ರೌಶಾನ್ ಫೋನನ್ನು ಕಿವಿಯಿಂದ ದೂರ ಹಿಡಿಯಬೇಕಾಗುತ್ತದೆ.

“ಬೀಗರು ತಟ್ಟೆ ನೋಡಿ ‘ನಮ್ಮಪ್ಪ ಇರೋದು ನಿಮಗೆ ಹೇಗೆ ಗೊತ್ತಾಯ್ತು?’ ಅಂದ್ರು ಅಕ್ಕಾ, ಕಣ್ಣಲ್ಲಿ ನೀರು! ನಿಮ್ಮ ಹೆಸರು ಹೇಳಿದೆ. ಮೇಷ್ಟ್ರು ತಲೆ ಹಿಡ್ಕೊಂಡು ಕೂತಿದ್ರಲ್ಲ, ತಟ್ಟೇಲಿದ್ದ ಕುರಿ ತಲೆ, ಅವರು ಹೇಳಿದ್ದು ಕೇಳಿ: ‘ಆ ಆ್ಯಪ್‌ನೋರು ನನ್ನನ್ನ ಕೇಳಿದ್ದು ಒಂದೇ, ಕೊಬ್ಬು ಶೇಕಡಾ ಎಷ್ಟು ಅಂತ.’”

ಸಂಜೆ ಏಳಕ್ಕೆ ಲೆಕ್ಕ ಬರುತ್ತದೆ. ಇಪ್ಪತ್ತಾರು ಮನೆಗಳು ಉಳಿದಿವೆ, ಒರಾಜ್ ಮೇಷ್ಟ್ರ ಮನೆಯೂ ಸೇರಿ. ಐದು ಆ್ಯಪ್ ಕಡೆಗೆ ಹೋಗಿವೆ. ರೌಶಾನ್ ಆ ಐದು ಮನೆಗಳ ನಂಬರನ್ನು ಫೋನಿನಿಂದ ಅಳಿಸುವುದಿಲ್ಲ.

“ಅವರಿಗೂ ಬೀಗರು ಬರ್ತಾರಲ್ಲ” ಎನ್ನುತ್ತಾರೆ, ಚೂರಿ ಒರೆಸುತ್ತಾ. “ಬೆಳಿಗ್ಗೆ ಐದಕ್ಕೇ ಫೋನ್ ಮಾಡ್ಲಿ. ಎತ್ತುತ್ತೀನಿ.”